ಹೊಳೆ ಇಳಿದ ಮೇಲೆ ದಂಡೆ ಯಾಕೆ ಬೀಳುತ್ತದೆ?

ಪ್ರಶ್ನೆ: ನಮಸ್ಕಾರ ಸರ್. ಜೇವರ್ಗಿ ತಾಲೂಕಿನಾಗ ಭೀಮಾ ಹೊಳಿ ದಂಡಿಗಿ ನಮ್ಮದು 4 ಎಕರೆ 12 ಗುಂಟೆ ಎರಿ ಹೊಲ ಅದರಿ. ಹೊಳಿ ಕಡಿ ಉದ್ದ 210 ಅಡಿ, ದಂಡಿ ಎತ್ತರ 22 ಅಡಿ. ಹೊಳಿ ನಮ್ಮ ಹೊಲಕ್ಕ ಬಡದು ಹೊಳ್ಳತದ. 2014ರಾಗ ನಮ್ಮ ಅಪ್ಪಾರನ್ನ ಹೊಲದಾಗೇ ಮಣ್ಣ ಮಾಡಿದಾಗ ಸಮಾಧಿಯಿಂದ ದಂಡಿಗಿ 31 ಹೆಜ್ಜಿ ಇತ್ತು. ಈಗ 18 ಉಳದದ. 2020ರ ಅಕ್ಟೋಬರ್ ಮಹಾಪೂರದಾಗ ಒಮ್ಮೆಲೆ 8 ಹೆಜ್ಜಿ ಹೋಯ್ತು. ಈ ಸಲ ಹೊಳಿ ಇಳದು ನಾಕನೇ ದಿನಕ್ಕ ದಂಡಿಯಿಂದ 7 ಅಡಿ ಒಳಗ ಬಿಲ್ಲಿನಂಗ ಬಿರಕ ಬಿಟ್ಟದ, ಉದ್ದ ಸುಮಾರು 40 ಹೆಜ್ಜಿ. ಬಿರಕಿನ ಆಚಿ ಕಡಿ ಮಣ್ಣು ಎರಡು ಬೆರಳು ಕೆಳಗ ಕುಂತದ. ಮೋಟರ್ ಖೋಲಿ ದಂಡಿಯಿಂದ 12 ಅಡಿ, ಹೊಲದ ಮನಿ 130 ಅಡಿ ಅವ. ಐದು ವರ್ಷದಿಂದ ದಂಡಿ ತನಕ ಕಬ್ಬು ಹಚ್ಚೀವಿ. ಮ್ಯಾಲೆ ಮೂರು ಕಿಲೋಮೀಟರಿಗಿ ಬ್ಯಾರೇಜ್ ಅದ, ರಾತ್ರಿ ಉಸುಕಿನ ಟ್ರ್ಯಾಕ್ಟರ್ ಓಡ್ತಾವ. ಮಂದಿ ಒಬ್ಬೊಬ್ಬರು ಒಂದೊಂದು ಹೇಳ್ತಾರ: ವಯನಾಡಿನಂಗ ಭೂಕುಸಿತ ಆಗ್ತದ ಅಂತ, ಚಿಂಚೋಳಿ ಕಡಿ ಭೂಮಿ ಸಪ್ಪಳ ಮಾಡ್ತದಲ್ಲ ಅದೇ ಇಲ್ಲಿ ಬಂದದ ಅಂತ, ಹೊಳಿಗಿ ಉಡಿ ತುಂಬಿಲ್ಲ ಅಂತ. ಗುತ್ತೇದಾರ ಒಬ್ಬರು 60 ಅಡಿ ಕಾಂಕ್ರೀಟ್ ಗೋಡಿ ಕಟ್ಟಿಕೊಡ್ತೀನಿ ಅಂದಾರ. ಸಾಲ ಮಾಡಿ ಕಟ್ಟಸ್ಲೇನ್ರಿ? ಮನಿ ಉಳೀತದೇನ್ರಿ? ಅಪ್ಪಾರ ಸಮಾಧಿ ತಗದು ಬ್ಯಾರೆ ಕಡಿ ಮಾಡ್ಬೇಕೇನ್ರಿ?

ಉತ್ತರ: ಮುಂದೆ ಓದುವ ಮೊದಲು ಒಂದು ಕೆಲಸ ಮುಗಿಸಿ ಬನ್ನಿ. ಬಿರುಕಿನಿಂದ ಹೊಲದ ಕಡೆಗೆ ಇಪ್ಪತ್ತು ಅಡಿ ಬಿಟ್ಟು ಗೂಟ ಬಡಿದು ಹಗ್ಗ ಕಟ್ಟಿ. ಆಚೆಗೆ ದನ, ಮಕ್ಕಳು, ಟ್ರ್ಯಾಕ್ಟರ್ ಯಾವುದೂ ಹೋಗಬಾರದು. ನಿಮ್ಮ ಮೋಟರ್ ಖೋಲಿ ಬಿರುಕಿಗೆ ಐದೇ ಅಡಿ ದೂರ ಇದೆ. ಲೈನ್‌ಮನ್‌ಗೆ ಹೇಳಿ ಕಂಬದಲ್ಲೇ ಕರೆಂಟ್ ತೆಗೆಸಿ, ಆಮೇಲೆ ಹಗಲು ಹೊತ್ತಿನಲ್ಲಿ ಇಬ್ಬರು ಸೇರಿ ಸ್ಟಾರ್ಟರ್ ಪೆಟ್ಟಿಗೆ ಬಿಚ್ಚಿ ತನ್ನಿ. ಒಬ್ಬರೇ ಹೋಗಬೇಡಿ. ಬಿಚ್ಚಲಾಗದ್ದನ್ನು ಅಲ್ಲೇ ಬಿಡಿ. ನನ್ನ ಅನುಭವದಲ್ಲಿ ಹೊಳೆದಂಡೆಯಲ್ಲಿ ಪ್ರಾಣ ಕಳೆದುಕೊಳ್ಳುವವರು ಹೆಚ್ಚಾಗಿ ಪ್ರವಾಹ ನೋಡಲು ಹೋದವರಲ್ಲ, ಪ್ರವಾಹ ಇಳಿದ ಮೇಲೆ ಪೈಪು ಎಳೆಯಲು ಹೋದವರು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಮೂರು ಪ್ರಶ್ನೆ ಕೇಳಿದ್ದೀರಿ, ಆದರೆ ಮೂರರ ಹಿಂದೆ ಇರುವುದು ಒಂದೇ: ಹೊಳೆ ಎಲ್ಲಿಗೆ ಬಂದು ನಿಲ್ಲುತ್ತದೆ? ಅದಕ್ಕೆ ಉತ್ತರ ಹುಡುಕಲು ಬೇಕಾದ ಅರ್ಧ ಲೆಕ್ಕವನ್ನು ನಿಮಗೆ ಗೊತ್ತಿಲ್ಲದೆಯೇ ಪತ್ರದಲ್ಲಿ ಬರೆದುಬಿಟ್ಟಿದ್ದೀರಿ. ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲು ಮಂದಿ ಮಾತು. ವಯನಾಡು ಬೇರೆ, ನಿಮ್ಮ ಹೊಲ ಬೇರೆ. 2024ರ ಜುಲೈ 30ರಂದು ವಯನಾಡಿನಲ್ಲಿ, ಅದಕ್ಕೆ ಎರಡು ವಾರ ಮೊದಲು ನಮ್ಮ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಕುಸಿದದ್ದು ಪಶ್ಚಿಮಘಟ್ಟದ ಕಡಿದಾದ ಇಳಿಜಾರು. ಅಲ್ಲಿ ಬಂಡೆಯ ಮೇಲೆ ದಪ್ಪನೆಯ ಕೊಳೆತ ಮಣ್ಣಿನ ಪದರ ಇರುತ್ತದೆ, ಕೆಲವೇ ದಿನಗಳಲ್ಲಿ ವಿಪರೀತ ಮಳೆ ಸುರಿಯುತ್ತದೆ, ಇಡೀ ಗುಡ್ಡ ಕೆಸರಾಗಿ ಇಳಿದು ಬರುತ್ತದೆ. ವಯನಾಡಿನಲ್ಲಿ ಆ ಕೆಸರು ಕಿಲೋಮೀಟರುಗಟ್ಟಲೆ ಹರಿಯಿತು. ಜೇವರ್ಗಿಯಲ್ಲಿ ಹಾಗೆ ಹರಿದು ಬರಲು ಗುಡ್ಡವೇ ಇಲ್ಲ. ನಿಮ್ಮಲ್ಲಿ ಬೀಳುವುದು 22 ಅಡಿ ಎತ್ತರದ ಮಣ್ಣಿನ ಗೋಡೆ. ಬಿದ್ದದ್ದು ಕೆಳಗೆ ಹೊಳೆಗೇ ಬೀಳುತ್ತದೆ, ಹಿಂದಿರುವ ಊರನ್ನು ಹೊತ್ತೊಯ್ಯುವುದಿಲ್ಲ. ಒಂದು ವಿಷಯದಲ್ಲಿ ಮಾತ್ರ ಎರಡೂ ಅಣ್ಣತಮ್ಮಂದಿರು: ಎರಡನ್ನೂ ಕೆಡವುವುದು ಮಣ್ಣಿನ ಒಳಗೆ ಸೇರಿದ ನೀರು.

ಚಿಂಚೋಳಿಯ ಸಪ್ಪಳಕ್ಕೂ ಇದಕ್ಕೂ ಸಂಬಂಧ ಇಲ್ಲ. ಗಡಿಕೇಶ್ವರ ಸುತ್ತಮುತ್ತ 2021ರ ಅಕ್ಟೋಬರ್‌ನಲ್ಲಿ ಆದದ್ದು ನಿಜವಾದ ಭೂಕಂಪನ, ಸಣ್ಣ ಪ್ರಮಾಣದ್ದು. ಜನ ರಾತ್ರಿ ಬಯಲಲ್ಲಿ ಮಲಗಿದ್ದರು. 1993ರ ಸೆಪ್ಟೆಂಬರ್ 30ರಂದು ಗಡಿಯಾಚೆ ಮಹಾರಾಷ್ಟ್ರದಲ್ಲಿ ಆದ ಕಿಲ್ಲಾರಿ ಭೂಕಂಪ ಕಂಡ ತಲೆಮಾರಿಗೆ ಆ ಭಯ ಮೈಯಲ್ಲಿ ಉಳಿದಿದೆ, ಆಳಂದ ಕಡೆಯವರನ್ನು ಕೇಳಿ ನೋಡಿ. ಆದರೆ ಭೂಕಂಪನದ ಬಿರುಕು ಹೊಳೆಯ ತಿರುವನ್ನು ನೋಡಿಕೊಂಡು ಬಿಲ್ಲಿನ ಹಾಗೆ ಬಾಗುವುದಿಲ್ಲ, ಹೊಳೆ ಇಳಿದ ನಾಲ್ಕನೇ ದಿನಕ್ಕಾಗಿ ಕಾಯುವುದೂ ಇಲ್ಲ. ಉಡಿ ತುಂಬುವ ವಿಷಯದಲ್ಲಿ ನಾನು ಏನೂ ಹೇಳುವುದಿಲ್ಲ. ತುಂಬುವುದಾದರೆ ಈ ಸಲ ಘಾಟ್ ಇರುವ ಕಡೆ ಹೋಗಿ ತುಂಬಿ, ನಿಮ್ಮ ಹೊಲದ ಅಂಚಿಗೆ ನಿಂತು ಬೇಡ.

ಇನ್ನೊಂದು ಮಾತನ್ನು ನೀವು ಬರೆದಿಲ್ಲ, ಆದರೆ ಊರಲ್ಲಿ ಯಾರಾದರೂ ಹೇಳಿಯೇ ಇರುತ್ತಾರೆ: "ಎರಿ ಹೊಲ ಅಂದ ಮ್ಯಾಗ ಬಾಯಿ ಬಿಡ್ತದ, ಅದರಾಗ ಏನದ?" ಇದು ಅಪಾಯದ ಮಾತು. ಎರೆಮಣ್ಣಿನಲ್ಲಿ ನೀರು ಕುಡಿದರೆ ಉಬ್ಬಿ ಒಣಗಿದರೆ ಕುಗ್ಗುವ ಜೇಡಿ ಇದೆ, ಹಾಗಾಗಿ ಬೇಸಿಗೆಯಲ್ಲಿ ಹೊಲ ಬಾಯಿ ಬಿಡುವುದು ಸಹಜ. ಆ ಬಿರುಕು ಬಲೆಯ ಕಣ್ಣುಗಳ ಹಾಗೆ ಎಲ್ಲ ದಿಕ್ಕಿಗೂ ಹರಡಿರುತ್ತದೆ, ಎರಡು ಮಳೆ ಬಿದ್ದರೆ ಮುಚ್ಚಿಕೊಳ್ಳುತ್ತದೆ, ಅದರ ಎರಡೂ ಅಂಚು ಒಂದೇ ಮಟ್ಟದಲ್ಲಿರುತ್ತವೆ. ನಿಮ್ಮದು ದಂಡೆಗುಂಟ ಒಂದೇ ಗೆರೆ, ಹಸಿ ಇದ್ದಾಗಲೇ ಬಿಟ್ಟಿದೆ, ಹೊಳೆಯ ಕಡೆಯದು ಎರಡು ಬೆರಳು ಕೆಳಗೆ ಕೂತಿದೆ. ಕೂತಿದೆ ಅಂದರೆ ಹೊರಟಿದೆ. ಆ ಏಳು ಅಡಿ ಪಟ್ಟಿಯನ್ನು ಈಗಲೇ ಲೆಕ್ಕದಿಂದ ತೆಗೆದುಬಿಡಿ.

ಇನ್ನು ಇಳಿಯುವ ಹೊಳೆಯ ವಿಚಾರ. ನಮ್ಮ ಕಡೆಯ ಮಣ್ಣಿನ ಮಾಳಿಗೆ ಮನೆಗಳನ್ನು ನೆನಪಿಸಿಕೊಳ್ಳಿ. ಮೂರು ದಿನ ಜಡಿಮಳೆ ಹಿಡಿದಾಗ ಗೋಡೆ ನಿಂತಿರುತ್ತದೆ. ಮಳೆ ಬಿಟ್ಟು ಬಿಸಿಲು ಬಿದ್ದು, ಇನ್ನೇನು ಗಂಡಾಂತರ ಕಳೆಯಿತು ಅಂದುಕೊಂಡ ಮರುದಿನ ಬೀಳುತ್ತದೆ. ದಂಡೆಯದೂ ಸುಮಾರಾಗಿ ಅದೇ ಕಥೆ. ಹೊಳೆ ತುಂಬಿದಾಗ ನೀರು ದಂಡೆಯ ಒಳಕ್ಕೆ ಇಂಗುತ್ತದೆ, ಮಣ್ಣು ಭಾರ ಆಗುತ್ತದೆ, ಕಣಗಳ ಹಿಡಿತ ಸಡಿಲಾಗುತ್ತದೆ. ಆದರೂ ಬೀಳುವುದಿಲ್ಲ, ಯಾಕೆಂದರೆ ಹೊರಗೆ ತುಂಬಿದ ನೀರೇ ದಂಡೆಗೆ ಕೈ ಕೊಟ್ಟು ಒತ್ತಿ ಹಿಡಿದಿರುತ್ತದೆ. ಹೊಳೆ ಸರಕ್ಕನೆ ಇಳಿದರೆ ಆ ಕೈ ಹಿಂದಕ್ಕೆ ಹೋಯಿತು. ಒಳಗಿನ ನೀರಿಗೋ ಎರೆಮಣ್ಣಿನಿಂದ ಬೇಗ ಹೊರಗೆ ಬರಲು ದಾರಿ ಇಲ್ಲ. ಭಾರ ಪೂರ್ತಿ ಇದೆ, ಆಸರೆ ಇಲ್ಲ. ನಿಮ್ಮ ಅಳತೆಯನ್ನೇ ಹಿಡಿದರೆ 7 ಅಡಿ ಅಗಲ, 22 ಅಡಿ ಎತ್ತರದ ಪಟ್ಟಿ ನೇರ ಕುಸಿದರೆ ಒಂದೊಂದು ಅಡಿ ಉದ್ದಕ್ಕೆ ಎಂಟು ಟನ್ನಿಗೂ ಮೇಲೆ ಹಸಿ ಮಣ್ಣು.

ಅದಕ್ಕೇ ಭೀಮಾ ಪ್ರವಾಹದ ಸುದ್ದಿ ಟಿವಿಯಲ್ಲಿ ನಿಂತ ಮೇಲೆಯೇ ನಮ್ಮ ಕೆಲಸ ಶುರು. ಮೇಲೆ ಮಹಾರಾಷ್ಟ್ರದಲ್ಲಿ ಭೀಮಾ ಹೊಳೆಗೇ ಕಟ್ಟಿದ ಉಜನಿ ಅಣೆಕಟ್ಟೆಯ ಒಟ್ಟು ಸಂಗ್ರಹ ಸುಮಾರು 117 ಟಿಎಂಸಿ. 2020ರ ಅಕ್ಟೋಬರ್‌ನಲ್ಲಿ ಸೊಲ್ಲಾಪುರ ಕಡೆಯೂ ಇಲ್ಲಿಯೂ ಒಟ್ಟಿಗೆ ಮಳೆ ಸುರಿದು, ಮೇಲಿಂದ ನೀರು ಬಿಟ್ಟು, ಅಫಜಲಪುರದಿಂದ ಯಾದಗಿರಿ ತನಕ ದಂಡೆಯ ಊರುಗಳು ಮುಳುಗಿದವು. ಎಲ್ಲರೂ ಗೇಟು ತೆಗೆದದ್ದನ್ನೇ ಬೈದರು. ದಂಡೆಯ ಮಟ್ಟಿಗೆ ಗೇಟು ಹಾಕುವ ಹೊತ್ತೂ ಅಷ್ಟೇ ಮುಖ್ಯ. ಹಂತ ಹಂತವಾಗಿ ಇಳಿಸಿದರೆ ಒಳಗಿನ ನೀರು ಬಸಿಯಲು ಸಮಯ ಸಿಗುತ್ತದೆ. ಇದನ್ನು ನಾನು ಸಭೆಗಳಲ್ಲಿ ಹೇಳಿದ್ದೇನೆ, ಪ್ರವಾಹದ ಗಡಿಬಿಡಿಯಲ್ಲಿ ಯಾರಿಗೂ ಅದು ನೆನಪಿರುವುದಿಲ್ಲ.

ಇಷ್ಟು ಹೊಳೆಯುದ್ದಕ್ಕೂ ಎಲ್ಲರಿಗೂ ಒಂದೇ. ನಿಮ್ಮ ಹೊಲದಲ್ಲಿ ಇದರ ಮೇಲೆ ಇನ್ನೂ ನಾಲ್ಕು ಕಾರಣ ಕೂಡಿವೆ. "ಹೊಳಿ ಬಡದು ಹೊಳ್ಳತದ" ಎಂದು ಬರೆದಿದ್ದೀರಿ, ಅಂದರೆ ನೀವು ಹೊರತಿರುವಿನಲ್ಲಿದ್ದೀರಿ. ತಿರುವಿನ ಹೊರಮಗ್ಗುಲಲ್ಲಿ ಸೆಳವು ಜೋರು, ಮಡು ಆಳ. ಒಳಮಗ್ಗುಲಲ್ಲಿ ಉಸುಕು ಕೂಡುತ್ತದೆ. ನಿಮ್ಮಿಂದ ಹೋದ ಮಣ್ಣು ಕೆಳಗೆ ಇನ್ನಾರದೋ ಒಳತಿರುವಿನಲ್ಲಿ ದಿಬ್ಬವಾಗಿ ಕೂತಿರುತ್ತದೆ. ಬಂಡೆ ಇರುವ ಕಡೆ ಹೊಳೆ ಹೀಗೆ ಆಟ ಆಡುವುದಿಲ್ಲ. ಕೆಳಗೆ ಶಹಾಬಾದ, ಚಿತ್ತಾಪುರ ಕಡೆ ಹೊಳೆಯ ಪಾತ್ರದಲ್ಲೇ ಫರಸಿ ಬಂಡೆ ಹಾಸಿದೆ. ಅಲ್ಲೆಲ್ಲ ದಂಡೆ ಬಹುಮಟ್ಟಿಗೆ ನಿಂತಲ್ಲೇ ನಿಂತಿದೆ. ಸನ್ನತಿ-ಕನಗನಹಳ್ಳಿಯ ಬೌದ್ಧ ಸ್ತೂಪ ಎರಡು ಸಾವಿರ ವರ್ಷದಿಂದ ಅದೇ ಭೀಮಾ ಪಕ್ಕದಲ್ಲಿದೆ. ನಿಮ್ಮದು ಹೊಳೆಯೇ ಹಿಂದೊಮ್ಮೆ ತಂದು ಹಾಕಿದ ಮಣ್ಣು, ಅದನ್ನೇ ಈಗ ವಾಪಸ್ ಕೇಳುತ್ತಿದೆ.

ಎರಡನೆಯದು ದಂಡೆಯ ಪದರ. ಮುಂದಿನ ಬೇಸಿಗೆಯಲ್ಲಿ ಆಚೆ ದಂಡೆಗೆ ಹೋಗಿ ನಿಮ್ಮ ಹೊಲವನ್ನು ಎದುರಿನಿಂದ ನೋಡಿ. ಮೇಲೆ ಎಂಟು-ಹತ್ತು ಅಡಿ ಕರಿ ಎರೆ, ನಡುನಡುವೆ ಬಿಳಿ ಸುಣ್ಣದ ಹರಳು, ಅದರ ಕೆಳಗೆ ಹಳದಿ ಮೆಕ್ಕಲು, ಬುಡದಲ್ಲಿ ಉಸುಕು ಮತ್ತು ಗರಸು. ಜೇವರ್ಗಿ, ಅಫಜಲಪುರ ಕಡೆ ನಾನು ನೋಡಿದ ಬಹಳ ದಂಡೆಗಳು ಹೀಗೇ ಇವೆ. ಹೊಳೆ ಇಳಿದಾಗ ಮೆಕ್ಕಲು ಮತ್ತು ಉಸುಕು ಸೇರುವ ಗೆರೆಯಿಂದ ನೀರು ಒಸರುತ್ತದೆ, ಒಸರುವಾಗ ಸಣ್ಣ ಉಸುಕನ್ನೂ ಜೊತೆಗೆ ತರುತ್ತದೆ. ಕೆಳಗೆ ಪೊಳ್ಳು, ಮೇಲೆ ಎರೆಯ ಚಾವಣಿ. ಆ ಉಸುಕಿನ ಪದರದಲ್ಲಿ ಸಾಲು ಸಾಲು ತೂತು ಕಂಡರೆ ಕಳ್ಳಿಪೀರ ಹಕ್ಕಿಯ ಗೂಡು ಅವು. ರೈತರು ಅದರ ಮೇಲೆ ಸಿಟ್ಟಾಗುವುದನ್ನು ಕಂಡಿದ್ದೇನೆ. ಹಕ್ಕಿಯಿಂದ ದಂಡೆ ಬೀಳುವುದಿಲ್ಲ; ಮೆತ್ತನೆಯ ಪದರ ಎಲ್ಲಿದೆ ಅನ್ನುವುದನ್ನು ಅದು ನಮಗಿಂತ ಮೊದಲು ಪತ್ತೆ ಹಚ್ಚಿರುತ್ತದೆ, ಅಷ್ಟೇ.

ಮೂರನೆಯದು ಬ್ಯಾರೇಜ್ ಮತ್ತು ಉಸುಕಿನ ಟ್ರ್ಯಾಕ್ಟರ್. ಬ್ಯಾರೇಜ್ ಉಸುಕನ್ನು ಮೇಲೆಯೇ ತಡೆದು ನೀರನ್ನು ಮಾತ್ರ ಕೆಳಗೆ ಬಿಡುತ್ತದೆ. ಹೊರೆ ಇಲ್ಲದ ನೀರು ಹಸಿದ ನೀರು, ಕೆಳಗೆ ಹೋಗಿ ಪಾತ್ರವನ್ನೇ ತಿನ್ನುತ್ತದೆ. ಅದರ ಮೇಲೆ ಟ್ರ್ಯಾಕ್ಟರಿನವರು ಉಳಿದ ಉಸುಕನ್ನೂ ಬಗೆದರೆ ಹೊಳೆ ಆಳವಾಗಿ ನಿಮ್ಮ ದಂಡೆಯ ಬುಡ ಬರಿದಾಗುತ್ತದೆ. 22 ಅಡಿ ಅಂತೀರಿ, ಹತ್ತು ವರ್ಷದ ಹಿಂದೆ ಅದೇ ದಂಡೆ 22 ಇತ್ತೇ? ಊರಿನ ಹಿರಿಯರನ್ನು ಕೇಳಿ. ಕರಾವಳಿಯ ಕಡಲ್ಕೊರೆತದಲ್ಲೂ ಇದೇ ಲೆಕ್ಕ ನಡೆಯುತ್ತದೆ: ಅಲೆಗಳು ದಂಡೆಗುಂಟ ಒಯ್ಯುವ ಮರಳನ್ನು ಒಂದು ಕಡೆ ಕಲ್ಲಿನ ಗೋಡೆ ಹಾಕಿ ತಡೆದರೆ, ಮರಳು ಸಿಗದ ಪಕ್ಕದ ಊರು ಕೊರೆಯುತ್ತದೆ. ನಮ್ಮಲ್ಲಿ ಸಮುದ್ರ ಇಲ್ಲ, ಮರಳಿನ ಲೆಕ್ಕ ಮಾತ್ರ ಒಂದೇ.

ನಾಲ್ಕನೆಯದು ನಿಮಗೆ ಸ್ವಲ್ಪ ಕಹಿ ಅನ್ನಿಸಬಹುದು. ಕಬ್ಬು. ದಂಡೆಯ ತನಕ ಕಬ್ಬು ಹಚ್ಚಿ ಹರಿನೀರು ಬಿಟ್ಟರೆ ವರ್ಷವಿಡೀ ದಂಡೆಯೊಳಗೆ ನೀರು ತುಂಬಿದಂತೆ. ಮೊದಲು ಅಲ್ಲಿ ತೊಗರಿಯೋ ಬಿಳಿಜೋಳವೋ ಇದ್ದಿರಬೇಕು. ಆಗ ಹೊಳೆ ಬರುವ ಹೊತ್ತಿಗೆ ದಂಡೆ ಒಣಗಿ ಗಟ್ಟಿಯಾಗಿ ಇರುತ್ತಿತ್ತು, ಈಗ ಮೊದಲೇ ಅರ್ಧ ನೆಂದಿರುತ್ತದೆ. ಹೊಲದ ಹೆಚ್ಚಿನ ನೀರು ಎಲ್ಲಿ ಹೊಳೆಗೆ ಧುಮುಕುತ್ತದೆ ಎಂದೂ ನೋಡಿ. ಅಲ್ಲಿ ಕೊರಕಲು ಬಿದ್ದಿದ್ದರೆ ಬಿರುಕಿಗೆ ಬಾಗಿಲು ತೆಗೆದಂತೆ. ಪೈಪಿಗಾಗಿ ತೋಡಿ ಸಡಿಲವಾಗಿ ಮುಚ್ಚಿದ ಕಾಲುವೆಯೂ ಅದೇ ಕೆಲಸ ಮಾಡುತ್ತದೆ.

ಇನ್ನು ಏನು ಮಾಡಬಹುದು. ಗೋಡೆಯಿಂದಲೇ ಶುರು ಮಾಡುತ್ತೇನೆ, ಸಾಲದ ಮಾತು ಇರುವುದರಿಂದ. ಬೇಡ. ಯಾದಗಿರಿ ಜಿಲ್ಲೆಯಲ್ಲಿ ಹೊಳೆದಂಡೆಗೆ ಕಟ್ಟಿದ ಇಂಥದೇ ಒಂದು ಗೋಡೆಯನ್ನು ನಾನು ಎರಡನೇ ಮಳೆಗಾಲದ ನಂತರ ನೋಡಿದ್ದೆ. ಎಲ್ಲೂ ಒಡೆದಿರಲಿಲ್ಲ, ಕಾಂಕ್ರೀಟ್ ಒಳ್ಳೆಯದೇ ಇತ್ತು. ಇಡೀ ಗೋಡೆ ಬೋರಲಾಗಿ ಹೊಳೆಯಲ್ಲಿ ಮಲಗಿತ್ತು. ಬುಡದ ಉಸುಕನ್ನು ನೀರು ಕೊರೆದಿತ್ತು, ಹಿಂದಿನಿಂದ ನೆನೆದ ಎರೆಮಣ್ಣು ಉಬ್ಬಿ ನೂಕಿತ್ತು, ನೀರು ಬಸಿಯಲು ತೂತುಗಳನ್ನೇ ಬಿಟ್ಟಿರಲಿಲ್ಲ. ನಿಮ್ಮ ಗುತ್ತೇದಾರರಿಗೆ ಮೂರು ಪ್ರಶ್ನೆ ಕೇಳಿ: ಪಾಯ ಹೊಳೆಯ ಕೊರೆತಕ್ಕಿಂತ ಎಷ್ಟು ಆಳ ಹೋಗುತ್ತದೆ, ಗೋಡೆಯ ಹಿಂದಿನ ನೀರು ಎಲ್ಲಿಂದ ಹೊರಗೆ ಬರುತ್ತದೆ, 210 ಅಡಿಯಲ್ಲಿ 60 ಅಡಿ ಮಾತ್ರ ಕಟ್ಟಿದರೆ ಎರಡೂ ತುದಿಯಲ್ಲಿ ನೀರು ಸುತ್ತಿ ಹಿಂದೆ ಬಂದಾಗ ಏನು ಮಾಡುತ್ತೀರಿ. ಮೂರನೆಯದಕ್ಕೆ ಅವರು ನಕ್ಕರೆ ಚಹಾ ಕುಡಿಸಿ ಕಳಿಸಿ. ಇನ್ನೊಂದು ವಿಷಯ, ಹೊಳೆಯ ಪಾತ್ರ ಸರ್ಕಾರದ್ದು. ಅಲ್ಲಿ ಪಾಯ ತೋಡಲು ನೀರಾವರಿ ಇಲಾಖೆಯ ಒಪ್ಪಿಗೆ ಬೇಕು, ಖಾಸಗಿಯಾಗಿ ಕಟ್ಟಿದ್ದಕ್ಕೆ ನಾಳೆ ನೀವೇ ಉತ್ತರ ಕೊಡಬೇಕಾಗುತ್ತದೆ.

ನಿಮ್ಮ ಕೈಯಲ್ಲೇ ಇರುವ, ನನ್ನ ಪ್ರಕಾರ ಮೊದಲು ಮಾಡಬೇಕಾದ ಕೆಲಸ ಹಿಂದೆ ಸರಿಯುವುದು. ಇಂಥ ಮಣ್ಣಿನ ದಂಡೆ ಒಂದು ಅಡಿ ಎತ್ತರಕ್ಕೆ ಎರಡು ಅಡಿ ಅಗಲದ ಇಳಿಜಾರಿಗೆ ಬಂದಾಗ ಸುಮಾರಾಗಿ ನೆಲೆ ನಿಲ್ಲುತ್ತದೆ, ಬುಡ ಇನ್ನೂ ಕೊರೆಯದಿದ್ದರೆ. 22 ಅಡಿಗೆ 44 ಅಡಿ. ಸ್ವಲ್ಪ ಕೈ ಬಿಟ್ಟು 50 ಅಡಿ ಎನ್ನಿ. 210 ಅಡಿ ಉದ್ದಕ್ಕೆ 50 ಅಡಿ ಅಂದರೆ ಹತ್ತು ಗುಂಟೆಗೆ ಸ್ವಲ್ಪ ಕಡಿಮೆ. ಆ ಪಟ್ಟಿಯಲ್ಲಿ ಕಬ್ಬು, ಹರಿನೀರು, ಖೋಲಿ ಯಾವುದೂ ಬೇಡ. ಪಟ್ಟಿಯ ಹಿಂದೆ ಒಂದು ಒಡ್ಡು ಹಾಕಿ ಹೊಲದ ನೀರನ್ನು ಒಂದೇ ಕಡೆ ತಿರುಗಿಸಿ, ಪೈಪಿನಲ್ಲಿ ಹೊಳೆಯ ಬುಡದ ತನಕ ಇಳಿಸಿ. ಬಿರುಕಿಗೆ ಎರೆಮಣ್ಣನ್ನೇ ಪುಡಿ ಮಾಡಿ ತುಂಬಿ ಗುದ್ದಿ, ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಬಹುದು. ಆದರೆ ಅದು ಈಗಲ್ಲ, ದಂಡೆ ಒಣಗಿ ಬಿರುಕು ಅಗಲ ಆಗುವುದು ನಿಂತ ಮೇಲೆ. ಮತ್ತು ಅದು ಮಳೆನೀರು ಒಳಗೆ ಇಳಿಯದಂತೆ ಮಾಡುವ ತಾತ್ಕಾಲಿಕ ಉಪಾಯ, ಹೊಲಿಗೆಯಲ್ಲ. ಬಿರುಕಿಗೆ ಕಾಂಕ್ರೀಟ್ ಸುರಿಯುವವರಿದ್ದಾರೆ, ಹೊರಟವನ ಹೆಗಲ ಮೇಲೆ ಗಂಟು ಹೊರಿಸಿದ ಹಾಗೆ ಅದು.

ಹತ್ತು ಗುಂಟೆ ಬಿಡಿ ಅಂದರೆ ಹೊಟ್ಟೆ ಉರಿಯುತ್ತದೆ, ಗೊತ್ತು. ಬಿಟ್ಟದ್ದು ಪಾಳು ಬೀಳಬೇಕಿಲ್ಲ. ಹಿಂದಿನ ಅರ್ಧದಲ್ಲಿ ಮೇವಿನ ಹುಲ್ಲು, ಬಿದಿರು, ಹೊಂಗೆ ಬೆಳೆಯಬಹುದು. ದಂಡೆಯ ತುಟಿಯ ಮೇಲೆ ಮಾತ್ರ ದೊಡ್ಡ ಮರ ಬೇಡ. ಗಾಳಿಗೆ ತೂಗಿ, ತನ್ನ ಭಾರ ಹಾಕಿ, ಬೀಳುವಾಗ ಬೇರಿನೊಂದಿಗೆ ಹಿಡಿ ಮಣ್ಣನ್ನಲ್ಲ, ಬಂಡಿ ಮಣ್ಣನ್ನೇ ಕಿತ್ತುಕೊಂಡು ಹೋಗುತ್ತದೆ.

ಇನ್ನೊಂದು ಹೆಜ್ಜೆ ಮುಂದೆ ಹೋಗುವುದಾದರೆ ದಂಡೆಯನ್ನು ನೀವೇ ಇಳಿಜಾರು ಮಾಡುವುದು. ಫೆಬ್ರುವರಿಯಿಂದ ಮೇ ಒಳಗೆ ಜೆಸಿಬಿಯಿಂದ ಮೇಲಿನ ಹತ್ತು ಅಡಿಯನ್ನು ಮೆಟ್ಟಿಲಿನ ಹಾಗೆ ಹಿಂದಕ್ಕೆ ಕಡಿಸಿ, ಮಣ್ಣನ್ನು ಹೊಲದ ಹಿಂಭಾಗಕ್ಕೆ ಸಾಗಿಸಿ. ದಂಡೆಯ ತಲೆಭಾರ ಇಳಿಯುತ್ತದೆ. ಜೆಸಿಬಿ ನಿಲ್ಲಬೇಕಾದದ್ದು ಬಿರುಕಿನ ಹಿಂದೆ, ದೂರದಲ್ಲಿ. ತುದಿಯಲ್ಲಿ ನಿಂತು ಕೆಳಗೆ ಕೈ ಚಾಚುವ ಚಾಲಕರನ್ನು ಕೆಲಸಕ್ಕೆ ಕರೆಯಬೇಡಿ. ಇಳಿಜಾರಿಗೆ ಲಾವಂಚದ ಸಾಲು ಹಾಕಿ, ಬೇಸಿಗೆಯಲ್ಲಿ ನೀರುಣಿಸಿ. ಅದರ ಬೇರು ನೇರವಾಗಿ ಎಂಟು-ಹತ್ತು ಅಡಿ ಆಳಕ್ಕೆ ಹೋಗುತ್ತದೆ, ದನ ಅಷ್ಟಾಗಿ ಮುಟ್ಟುವುದಿಲ್ಲ. ಕೆಳಗೆ ಹಸಿ ಇರುವ ಕಡೆ ಲಕ್ಕಿ ಗಿಡದ ಕಡ್ಡಿ ಊರಿದರೆ ಹತ್ತುತ್ತದೆ. ಅಪಾಯ ಏನೆಂದರೆ ಲಾವಂಚ ಮೇಲಿನ ಮಣ್ಣನ್ನು ಹಿಡಿಯುತ್ತದೆಯೇ ಹೊರತು ಬುಡದ ಕೊರೆತವನ್ನು ತಡೆಯುವುದಿಲ್ಲ. ಹೊರತಿರುವಿನಲ್ಲಿ ದೊಡ್ಡ ಪ್ರವಾಹ ಬಂದರೆ ಹುಲ್ಲಿನ ಸಮೇತ ಬುಡ ಜಾರಬಹುದು. ಮೊದಲ ಮಳೆಗಾಲವನ್ನು ಅದು ದಾಟಿದರೆ ಅರ್ಧ ಗೆದ್ದಂತೆ.

ಬುಡ ಕಾಯಬೇಕಾದರೆ ಕಲ್ಲೇ ಬೇಕು, ಅದು ಒಬ್ಬ ರೈತನ ಕೆಲಸ ಅಲ್ಲ. ಸರಿಯಾದ ಪಿಚಿಂಗ್ ಅಂದರೆ ಇಳಿಜಾರು ಮಾಡಿ, ಉಸುಕು ಸೋರದಂತೆ ಜರಡಿಯ ಪದರ ಹಾಸಿ, ಮೇಲೆ ಮೂಲೆಮೂಲೆಯ ಕರಿಕಲ್ಲು ಜೋಡಿಸಿ, ಬುಡದಲ್ಲಿ ಹೊಳೆಯ ಕಡೆಗೆ ಹೆಚ್ಚುವರಿ ಕಲ್ಲಿನ ಹಾಸು ಬಿಡುವುದು. ಕೊರೆತ ಆದಂತೆ ಆ ಹಾಸಿನ ಕಲ್ಲು ತಾನೇ ಜಾರಿ ಹೊಸ ಬುಡವನ್ನು ಮುಚ್ಚುತ್ತದೆ. ನಮ್ಮ ಕಡೆ ಅಗ್ಗಕ್ಕೆ ಸಿಗುತ್ತದೆ ಎಂದು ಫರಸಿ ಚೂರು ತಂದು ಸುರಿಯುತ್ತಾರೆ. ಚಪ್ಪಟೆ ಕಲ್ಲು ಒಂದರ ಮೇಲೊಂದು ಜಾರುತ್ತದೆ, ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ. ಅಸ್ಸಾಂನ ಮಾಜುಲಿಯಲ್ಲಿ ಬ್ರಹ್ಮಪುತ್ರಕ್ಕೆ ಹಾಕುವ ಮುಳ್ಳುಹಂದಿಯಂಥ ಕಾಂಕ್ರೀಟ್ ಚೌಕಟ್ಟುಗಳ ವಿಡಿಯೊ ನೋಡಿ ಕೆಲವರು ಅದನ್ನೇ ಕೇಳುತ್ತಾರೆ. ಅದು ಕೆಲಸ ಮಾಡುವುದು ನೀರಿನಲ್ಲಿ ಹೂಳು ಧಾರಾಳವಾಗಿ ಇದ್ದಾಗ. ಚೌಕಟ್ಟು ನೀರನ್ನು ನಿಧಾನ ಮಾಡಿ ಹೂಳು ಕೂರಿಸುತ್ತದೆ. ಬ್ಯಾರೇಜಿನ ಕೆಳಗೆ ಮೂರು ಕಿಲೋಮೀಟರಿಗೆ ಅಷ್ಟು ಹೂಳು ಎಲ್ಲಿಂದ ಬರಬೇಕು? ಇನ್ನು ಹೊಳೆಯೊಳಕ್ಕೆ ಅಡ್ಡ ಚಾಚುವ ಕಲ್ಲಿನ ದಿಂಡು ಹಾಕಿದರೆ ನಿಮ್ಮ ಹೊಲ ಉಳಿದೀತು, ಸೆಳವು ಆಚೆ ದಂಡೆಗೆ ತಿರುಗುತ್ತದೆ. ಅಲ್ಲಿಯೂ ನಿಮ್ಮಂಥ ಯಾರದೋ ಹೊಲ ಇದೆ.

ಆದ್ದರಿಂದ ತಿರುವಿನ ಅಕ್ಕಪಕ್ಕದ ಹೊಲದವರೆಲ್ಲ ಸೇರಿ ಒಂದೇ ಅರ್ಜಿ ಕೊಡಿ, ತಹಶೀಲ್ದಾರರಿಗೂ ನೀರಾವರಿ ಇಲಾಖೆಗೂ. 15ನೇ ಹಣಕಾಸು ಆಯೋಗ 2021ರಿಂದ 26ರ ಅವಧಿಗೆ ಕೊರೆತ ತಡೆಯಲು 1,500 ಕೋಟಿ, ಕೊರೆತದಿಂದ ನೆಲೆ ಕಳೆದುಕೊಂಡವರ ಪುನರ್ವಸತಿಗೆ 1,000 ಕೋಟಿ ರೂಪಾಯಿ ಇಡೀ ದೇಶಕ್ಕೆ ಎತ್ತಿಟ್ಟಿತ್ತು. ಕಡಲ ಕೊರೆತದ ಜೊತೆಗೆ ನದಿಕೊರೆತವೂ ಅದರಲ್ಲಿ ಸೇರಿತ್ತು. ಕೊರೆತ ಅಂದರೆ ಕರಾವಳಿ ಎಂದುಕೊಂಡು ನಮ್ಮ ಕಡೆಯವರು ಅದನ್ನು ಕೇಳಲೇ ಇಲ್ಲ. ಅರ್ಜಿಗೆ ಬಲ ಬರುವುದು ಅಳತೆಯಿಂದ. ಭೂಮಾಪಕರಿಂದ ಹದ್ದುಬಸ್ತು ಮಾಡಿಸಿ, ಗ್ರಾಮ ಆಡಳಿತ ಅಧಿಕಾರಿಯಿಂದ, ಅದೇ ನಿಮ್ಮ ತಲಾಟಿ, ಪಂಚನಾಮೆ ಮಾಡಿಸಿ. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಉಪಗ್ರಹ ಚಿತ್ರ ನೋಡುವ ಸೌಲಭ್ಯ ಇದೆ. ಓದುವ ಹುಡುಗರಿದ್ದರೆ ನಾಲ್ಕೈದು ವರ್ಷದ ಚಿತ್ರ ಪಕ್ಕಪಕ್ಕ ಇಟ್ಟು ಛಾಪಿಸಿ ಲಗತ್ತಿಸಲಿ. ಉಸುಕಿನ ವಿಷಯ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಬರೆಯಿರಿ, ರಾತ್ರಿ ಟ್ರ್ಯಾಕ್ಟರಿಗೆ ಅಡ್ಡ ನಿಲ್ಲಲು ಹೋಗಬೇಡಿ.

ಪರಿಹಾರದ ಆಸೆ ದೊಡ್ಡದು ಇಟ್ಟುಕೊಳ್ಳಬೇಡಿ. ಹೊಳೆ ದಿಕ್ಕು ಬದಲಿಸಿ ಹೊಲವೇ ಹೋದರೆ 2022ರಿಂದ 26ರ ಕೇಂದ್ರದ ಮಾನದಂಡದಲ್ಲಿ ಹೆಕ್ಟೇರಿಗೆ 47,000 ರೂಪಾಯಿ ಇತ್ತು, ಅದೂ ಸಣ್ಣ ಮತ್ತು ಅತಿಸಣ್ಣ ರೈತರಿಗೆ. ಬೇರೆ ಕಡೆ ಹೊಲ ಇಲ್ಲದಿದ್ದರೆ ನೀವು ಎರಡು ಹೆಕ್ಟೇರಿನ ಒಳಗೇ ಬರುತ್ತೀರಿ. ಗುಂಟೆಗೆ ಲೆಕ್ಕ ಹಾಕಿದರೆ 500 ರೂಪಾಯಿಯೂ ಆಗುವುದಿಲ್ಲ. ಬೆಳೆವಿಮೆ ಬೆಳೆಗೆ, ನೆಲಕ್ಕೆ ಅಲ್ಲ. ಆದರೂ ಪಂಚನಾಮೆ ಬಿಡಬೇಡಿ, ಪಹಣಿಯಲ್ಲಿ ಇರುವ ನೆಲ ಹೊಳೆಯಲ್ಲಿದೆ ಎಂದು ದಾಖಲೆ ಹೇಳದಿದ್ದರೆ ನಾಳೆ ಅಣ್ಣತಮ್ಮಂದಿರ ಪಾಲಿನ ಹೊತ್ತಿಗೆ ಜಗಳ ಗ್ಯಾರಂಟಿ.

ಮುಂದಿನ ಮಳೆಗಾಲಕ್ಕೆ ಒಂದು ರೂಢಿ ಮಾಡಿಕೊಳ್ಳಿ. ಕೇಂದ್ರ ಜಲ ಆಯೋಗದವರು ಭೀಮಾ ನೀರಿನ ಮಟ್ಟವನ್ನು ದೇವಣಗಾಂವ ಸೇತುವೆಯಲ್ಲಿ, ಕೆಳಗೆ ಯಾದಗಿರಿಯಲ್ಲಿ ಅಳೆಯುತ್ತಾರೆ, ಮೊಬೈಲಿನಲ್ಲೇ ನೋಡಬಹುದು. ಮಂದಿ ಏರುವುದನ್ನು ನೋಡುತ್ತಾರೆ. ನೀವು ಇಳಿಯುವುದನ್ನು ನೋಡಿ. ಇಳಿಯಲು ಶುರುವಾದ ದಿನದಿಂದ ಹತ್ತು ದಿನ ಆ ಹಗ್ಗದ ಆಚೆ ಕಾಲಿಡಬೇಡಿ.

ಮನೆ ಉಳಿಯುತ್ತದೆಯೇ ಎಂದು ಕೇಳಿದ್ದಿರಿ. ಮೊದಲೇ ಹೇಳಿದ ಅರ್ಧ ಲೆಕ್ಕ ಇದೇ: 2014ರಲ್ಲಿ 31 ಹೆಜ್ಜೆ, ಈಗ 18. ಹೆಜ್ಜೆಗೆ ಎರಡೂವರೆ ಅಡಿ ಹಿಡಿದರೆ ಸುಮಾರು 32 ಅಡಿ ಹೋಗಿದೆ, ಅಂದರೆ ನಿಮ್ಮ ಉದ್ದಕ್ಕೆ ಆರು ಗುಂಟೆಯಷ್ಟು. ಅದರಲ್ಲಿ 20 ಅಡಿ ಒಂದೇ ಪ್ರವಾಹದಲ್ಲಿ, ಉಳಿದ ಎಲ್ಲ ವರ್ಷ ಸೇರಿ 12 ಅಡಿ. ವರ್ಷಕ್ಕಿಷ್ಟು ಎಂದು ಸರಾಸರಿ ಹಾಕಿ ಭವಿಷ್ಯ ಹೇಳುವುದು ಇದಕ್ಕೇ ತಪ್ಪು. ಹೊಳೆ ಕಂತಿನಲ್ಲಿ ತಿನ್ನುವುದಿಲ್ಲ. ನಾಲ್ಕು ವರ್ಷ ಸುಮ್ಮನಿದ್ದು ಒಂದೇ ವಾರದಲ್ಲಿ ಬಡ್ಡಿ ಸಮೇತ ವಸೂಲಿ ಮಾಡುತ್ತದೆ. 130 ಅಡಿಯಲ್ಲಿರುವ ಮನೆಗೆ ಈಗಿನ ಲೆಕ್ಕದಲ್ಲಿ ಒಂದೆರಡು ದೊಡ್ಡ ಪ್ರವಾಹದ ಅವಕಾಶ ಇದೆ. ಇಂದು ಖಾಲಿ ಮಾಡಬೇಕಿಲ್ಲ. ಹೊಸ ಖೋಲಿ ಕಟ್ಟುವುದಾದರೆ ಮಾತ್ರ ಮನೆಯ ಹಿಂದಕ್ಕೆ ಕಟ್ಟಿ. ದಂಡೆ 80 ಅಡಿಗೆ ಬಂದ ದಿನ ಮನೆಯ ಮಾತು ತೆಗೆಯಿರಿ.

ಸಮಾಧಿ 18 ಹೆಜ್ಜೆ, ಅಂದರೆ 45 ಅಡಿ. ನಾನು ಬಿಡಿ ಎಂದ 50 ಅಡಿಯ ಒಳಗೇ ಬರುತ್ತದೆ. ಬಿರುಕಿನ ಪಟ್ಟಿ ಬಿದ್ದ ಮೇಲೆ 38 ಉಳಿಯುತ್ತದೆ. 2020ರಂಥದ್ದು ಇನ್ನೊಂದು ಬಂದರೆ 18 ಅಡಿ. ತೆಗೆಯಬೇಕೋ ಬೇಡವೋ ಅನ್ನುವುದು ನಿಮ್ಮ ತಾಯಿ, ಅಣ್ಣತಮ್ಮಂದಿರು, ಸ್ವಾಮಿಗಳು ಕೂತು ಮಾತಾಡುವ ವಿಷಯ, ನನ್ನ ಕಸುಬಿನದಲ್ಲ. ನಾನು ಹೇಳಬಹುದಾದದ್ದು ಸಮಯದ ಮಾತು: ಮಾಡುವುದಾದರೆ ಈ ಬೇಸಿಗೆಯಲ್ಲಿ, ನೆಲ ಒಣಗಿದ್ದಾಗ, ನಿಧಾನವಾಗಿ ಕೈಯಿಂದ ಮಾಡಿ. ಹೊಳೆ ತುಂಬಿದಾಗ ರಾತ್ರಿ ಬ್ಯಾಟರಿ ಹಿಡಿದು ಓಡುವಂತೆ ಆಗಬಾರದು. ಮಾಡುವುದಿಲ್ಲ ಅಂದರೂ ಅಷ್ಟೇ, ಅಳತೆ ನಿಲ್ಲಿಸಬೇಡಿ. ಹೆಜ್ಜೆ ಬಿಟ್ಟು ಟೇಪು ಹಿಡಿಯಿರಿ. ಮನೆಯ ಮೂಲೆಯಿಂದ ಒಂದು, ಸಮಾಧಿಯಿಂದ ಒಂದು, ಮಳೆಗಾಲಕ್ಕೆ ಮುಂಚೆ ಒಮ್ಮೆ, ಹೊಳೆ ಇಳಿದು ಹದಿನೈದು ದಿನ ಬಿಟ್ಟು ಒಮ್ಮೆ. ದಂಡೆಯ ತುದಿಗೆ ಹೋಗಬೇಡಿ, ಟೇಪಿನ ತುದಿಯನ್ನು ಉದ್ದನೆಯ ಬಿದಿರಿಗೆ ಕಟ್ಟಿ ಮುಂದಕ್ಕೆ ಚಾಚಿ.